ಮುಳುಗುವ ಫ್ಲೈ ಲೈನ್: ಉಪ್ಪುನೀರಿಗೆ ಅಣಿಗೊಳಿಸುವ ಬಗೆ

ಕಡಲು ಮತ್ತು ಅಳಿವೆಗಳಲ್ಲಿ, ನೀರಿನ ಮೇಲ್ಮೈಗಿಂತ ಕೆಳಗೆ ಓಡಾಡುವ ಮೀನಿಗೆ ಕೃತಕ ಫ್ಲೈಯನ್ನು ತಲುಪಿಸಲು ಬಳಸುವ, ನೀರಿಗಿಂತ ಹೆಚ್ಚು ಸಾಂದ್ರತೆಯುಳ್ಳ ಎಸೆತದ ದಾರ. ನಮ್ಮ ಕರಾವಳಿಯಲ್ಲಿ ಬಂಡೆ ಮೇಲೆ ನಿಂತು ಗಾಳ ಹಾಕುವವರು ದಾರದ ತುದಿಗೆ ಸೀಸದ ಗುಂಡು ಕಟ್ಟುತ್ತಾರೆ. ಗುಂಡು ಹಾರುತ್ತದೆ, ದಾರ ಅದರ ಹಿಂದೆ ಹೋಗುತ್ತದೆ. ಫ್ಲೈ ಗಾಳದಲ್ಲಿ ಇದು ತಿರುವುಮುರುವು. ಗರಿ, ಕೂದಲು, ಮಿನುಗುವ ಎಳೆಗಳಿಂದ ಕಟ್ಟಿದ ಫ್ಲೈಗೆ ಹೇಳಿಕೊಳ್ಳುವಂಥ ತೂಕವಿಲ್ಲ. ತೂಕವಿರುವುದು ದಾರಕ್ಕೆ, ಹಾರುವುದೂ ದಾರವೇ. ಅದರ ಬಾಲ ಹಿಡಿದು ಫ್ಲೈ ಸಾಗುತ್ತದೆ. ಹೀಗಾಗಿ ಫ್ಲೈಯನ್ನು ಆಳಕ್ಕೆ ಇಳಿಸಬೇಕಾದರೂ ಮೊದಲು ದಾರವನ್ನೇ ಇಳಿಸಬೇಕು.

ಇಂಥ ಲೈನ್ ಕೊಳ್ಳುವವರು ಮೊದಲು ಕೇಳುವುದು ಅದು ಎಷ್ಟು ಬೇಗ ಮುಳುಗುತ್ತದೆ ಎಂದು. ಎಷ್ಟು ನೇರವಾಗಿ ಮುಳುಗುತ್ತದೆ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ರಾಡಿನ ತುದಿಯಿಂದ ಫ್ಲೈವರೆಗೆ ದಾರ ಬಿಗಿಯಾಗಿ, ಜೋಲು ಬೀಳದೆ ಇದ್ದರೆ ಮೀನು ಬಾಯಿ ಹಾಕಿದ್ದು ಕೈಗೆ ತಿಳಿಯುತ್ತದೆ. ನಡುವೆ ಕಮಾನು ಬಿದ್ದಿದ್ದರೆ ಮೀನು ಫ್ಲೈಯನ್ನು ಕಚ್ಚಿ, ಮೋಸವೆಂದು ಅರಿತು, ಉಗುಳಿ ಹೋದರೂ ಹಿಡಿದವನಿಗೆ ಸುದ್ದಿ ಮುಟ್ಟುವುದಿಲ್ಲ. ಲೈನಿನ ಆಯ್ಕೆ, ಲೀಡರಿನ (ಲೈನಿಗೂ ಫ್ಲೈಗೂ ನಡುವಿನ ಸಪೂರ ದಾರ) ಉದ್ದ, ಎಸೆತ, ಎಳೆತ ಎಲ್ಲದರಲ್ಲೂ ಕೈಗೊಳ್ಳುವ ತೀರ್ಮಾನಗಳು ಈ ಒಂದು ಕಮಾನನ್ನು ಅಳಿಸುವ ಪ್ರಯತ್ನಗಳೇ.

ತೂಕ ಮತ್ತು ಮುಳುಗುವ ವೇಗ

ಹಿಂದೆ ಫ್ಲೈ ಲೈನ್‌ಗಳನ್ನು ರೇಷ್ಮೆಯಿಂದ ಹೆಣೆಯುತ್ತಿದ್ದರು. ಕೊಬ್ಬು ಸವರಿದರೆ ತೇಲುತ್ತಿತ್ತು, ಸವರದೆ ಬಿಟ್ಟರೆ ನೀರು ಕುಡಿದು ನಿಧಾನವಾಗಿ ಮುಳುಗುತ್ತಿತ್ತು. ಎರಡನೆಯ ಮಹಾಯುದ್ಧದ ನಂತರ ನೈಲಾನ್ ತಿರುಳಿನ ಮೇಲೆ ಪಿವಿಸಿ ಲೇಪನವಿರುವ ಲೈನ್‌ಗಳು ಬಂದವು. ಅಮೆರಿಕದ ಮಿಶಿಗನ್ ರಾಜ್ಯದ ಮಿಡ್‌ಲ್ಯಾಂಡ್‌ನಲ್ಲಿ 1945ರಲ್ಲಿ ಆರಂಭವಾದ ಸೈಂಟಿಫಿಕ್ ಆ್ಯಂಗ್ಲರ್ಸ್ ಕಂಪನಿ ಈ ಬದಲಾವಣೆಯಲ್ಲಿ ಮುಂದಿತ್ತು. ಲೇಪನದೊಳಗೆ ಟೊಳ್ಳಾದ ಸೂಕ್ಷ್ಮ ಗಾಜಿನ ಗೋಲಿಗಳನ್ನು ಬೆರೆಸಿದರೆ ಲೈನ್ ತೇಲುತ್ತದೆ. ಟಂಗ್‌ಸ್ಟನ್ ಪುಡಿ ಬೆರೆಸಿದರೆ ಮುಳುಗುತ್ತದೆ. ಟಂಗ್‌ಸ್ಟನ್ ನೀರಿಗಿಂತ ಸುಮಾರು 19 ಪಟ್ಟು ಭಾರ. ಪುಡಿಯ ಪ್ರಮಾಣ ಹೆಚ್ಚಿಸುತ್ತಾ ಹೋದಂತೆ ಮುಳುಗುವ ವೇಗವೂ ಏರುತ್ತದೆ.

ರೇಷ್ಮೆಯ ಕಾಲದಲ್ಲಿ ಲೈನನ್ನು ದಪ್ಪದಿಂದ ಗುರುತಿಸುತ್ತಿದ್ದರು. ಒಂದೇ ದಪ್ಪದ ಎರಡು ಲೈನ್‌ಗಳ ತೂಕ ಬೇರೆಬೇರೆಯಾಗತೊಡಗಿದ ಮೇಲೆ ಆ ಪದ್ಧತಿ ಕೆಲಸಕ್ಕೆ ಬಾರದಾಯಿತು. 1961ರಲ್ಲಿ ಅಮೆರಿಕದ ಗಾಳ ಸಾಮಗ್ರಿ ತಯಾರಕರ ಸಂಘ ತೂಕದ ಮಾನಕವನ್ನು ಜಾರಿಗೆ ತಂದಿತು. ಲೈನಿನ ಮೊದಲ 30 ಅಡಿಯ ತೂಕವನ್ನು ಗ್ರೇನ್‌ನಲ್ಲಿ ಅಳೆದು ಅದಕ್ಕೊಂದು ಸಂಖ್ಯೆ ಕೊಡುವುದು ಆ ಕ್ರಮ. 8ನೇ ಸಂಖ್ಯೆಗೆ 210 ಗ್ರೇನ್, ಅಂದರೆ ಹದಿಮೂರುವರೆ ಗ್ರಾಮಿನಷ್ಟು, 10ಕ್ಕೆ 280, 12ಕ್ಕೆ 380. ಕಡಲಿನ ಕೆಲಸ ಬಹುಪಾಲು ನಡೆಯುವುದು 8ರಿಂದ 12ರ ನಡುವೆ.

ಈ ಸಂಖ್ಯೆ ಹೇಳುವುದು ತೂಕವನ್ನು ಮಾತ್ರ, ಮುಳುಗುವ ವೇಗವನ್ನಲ್ಲ. 8ನೇ ಸಂಖ್ಯೆಯ ತೇಲುವ ಲೈನಿಗೂ ಮುಳುಗುವ ಲೈನಿಗೂ ತೂಕ ಒಂದೇ; ಮುಳುಗುವುದು ತೆಳ್ಳಗಿರುತ್ತದೆ, ಅಷ್ಟೆ. ಆ ತೆಳುವಿನಿಂದ ಎರಡು ಲಾಭ. ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ, ನೀರಿನ ತಡೆಯೂ ಕಡಿಮೆ. ವೇಗವನ್ನು ಸೆಕೆಂಡಿಗೆ ಇಷ್ಟು ಇಂಚು ಎಂದು ಬೇರೆಯಾಗಿ ನಮೂದಿಸುತ್ತಾರೆ. ಇಂಟರ್‌ಮೀಡಿಯೆಟ್ ಎಂಬ ಬಗೆ ಸೆಕೆಂಡಿಗೆ ಒಂದು, ಒಂದೂವರೆ ಇಂಚು ಇಳಿಯುತ್ತದೆ. ಟೈಪ್ 3 ಸುಮಾರು ಮೂರು ಇಂಚು, ಟೈಪ್ 6 ಆರು ಇಂಚು. ಟಿ-14 ಎಂಬ ದಪ್ಪ ಟಂಗ್‌ಸ್ಟನ್ ಲೈನ್, ಅಡಿಗೆ 14 ಗ್ರೇನ್ ತೂಗುವಂಥದ್ದು, ಎಂಟು ಇಂಚಿಗೂ ಮೀರಿ ಇಳಿಯುತ್ತದೆ.

ಭಾರದ ಲೈನ್‌ಗಳ ಡಬ್ಬಿಯ ಮೇಲೆ ಈಗ ಸಂಖ್ಯೆಗಿಂತ ಗ್ರೇನ್ ತೂಕವೇ ಎದ್ದು ಕಾಣುತ್ತದೆ. 8–9ರ ಲೈನಿಗೆ ಹೊಂದುವ ರಾಡಿಗೆ 300 ಗ್ರೇನ್, 10ರ ರಾಡಿಗೆ 400, ಅದಕ್ಕೂ ಗಟ್ಟಿಯಾದದ್ದಕ್ಕೆ 500 ಎಂಬುದು ಬಳಕೆಯ ಲೆಕ್ಕ. ಮಾನಕಕ್ಕಿಂತ ಇದು ಎಷ್ಟೋ ಹೆಚ್ಚು. ಆದರೂ ನಡೆಯುತ್ತದೆ, ಏಕೆಂದರೆ ಮುಳುಗುವ ಲೈನನ್ನು ಗಾಳಿಯಲ್ಲಿ ಹಿಂದೆ ಮುಂದೆ ಬೀಸುತ್ತಾ ಕೂರುವುದಿಲ್ಲ. ಒಂದೇ ಬೀಸಿನಲ್ಲಿ ಬಿಟ್ಟುಬಿಡುತ್ತಾರೆ.

ಹೊಟ್ಟೆ ಮೊದಲು ಮುಳುಗುವ ತೊಂದರೆ

ಎಸೆತ ಮೃದುವಾಗಿ ಬೀಳಲೆಂದು ಫ್ಲೈ ಲೈನಿನ ತುದಿಯನ್ನು ಸಪೂರ ಮಾಡಿರುತ್ತಾರೆ. ಲೇಪನದ ಸಾಂದ್ರತೆ ಉದ್ದಕ್ಕೂ ಒಂದೇ ಇದ್ದರೆ ದಪ್ಪಗಿರುವ ನಡುಭಾಗ, ಅಂದರೆ ಲೈನಿನ ಹೊಟ್ಟೆ, ಮೊದಲು ಇಳಿಯುತ್ತದೆ, ಸಪೂರ ತುದಿ ಹಿಂದೆ ಉಳಿಯುತ್ತದೆ. ತುದಿಯಲ್ಲಿ ಲೇಪನಕ್ಕಿಂತ ತಿರುಳಿನ ಪಾಲು ಹೆಚ್ಚು, ನೈಲಾನ್ ತಿರುಳು ಹಗುರ. ಪಕ್ಕದಿಂದ ನೋಡಲು ಸಾಧ್ಯವಾದರೆ ಲೈನ್ ಕೆಳಮುಖ ಕಮಾನಾಗಿ ಬಾಗಿ, ಫ್ಲೈ ಅದರ ಮೇಲೆ ಎಲ್ಲೋ ತೂಗುತ್ತಿರುವುದು ಕಾಣುತ್ತದೆ. ಎಳೆದಾಗ ಮೊದಲು ಕಮಾನು ನೇರವಾಗುತ್ತದೆ; ಫ್ಲೈ ಕದಲುವುದು ಆಮೇಲೆ. ಅಷ್ಟರಲ್ಲಿ ಒಂದೆರಡು ಎಳೆತ ವ್ಯರ್ಥ.

ಇದಕ್ಕೆ ಪರಿಹಾರವಾಗಿ ತುದಿಯ ಕಡೆಗೆ ಟಂಗ್‌ಸ್ಟನ್ ಹೆಚ್ಚು ಬೆರೆಸಿ, ಸಪೂರ ತುದಿಯೂ ನಡುಭಾಗದಷ್ಟೇ ವೇಗದಲ್ಲಿ ಅಥವಾ ಒಂದು ಕೈ ಹೆಚ್ಚಾಗಿಯೇ ಇಳಿಯುವಂತೆ ಮಾಡಿದ ಲೈನ್‌ಗಳು ಬಂದಿವೆ. ಸಾಂದ್ರತೆ ಸರಿದೂಗಿಸಿದ ಲೈನ್ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ವೇಗದ ಅಂಕಿಗಿಂತ ಈ ಸಾಲನ್ನು ಹುಡುಕುವುದು ಜಾಣತನ. ಸರಿದೂಗಿಸಿದ ಟೈಪ್ 3, ಸರಿದೂಗಿಸದ ಟೈಪ್ 6ಕ್ಕಿಂತ ಹೆಚ್ಚು ಮೀನಿನ ಸುದ್ದಿ ತರುತ್ತದೆ.

ಅಲೆ ಒಡೆಯುವ ದಡದಲ್ಲಿ ಇದೇ ತೊಂದರೆಯ ಇನ್ನೊಂದು ಮುಖ ಕಾಣುತ್ತದೆ. ತೇಲುವ ಲೈನ್ ಪ್ರತಿ ಅಲೆಯ ಜೊತೆ ಏರಿಳಿಯುತ್ತಾ ಫ್ಲೈಯನ್ನು ಎತ್ತೆತ್ತಿ ಹಾಕುತ್ತದೆ. ತುದಿ ಮಾತ್ರ ಮುಳುಗಿ ಉಳಿದದ್ದು ತೇಲುವ ಲೈನೂ ಅಲ್ಲಿ ಅಷ್ಟೇ ಕೆಟ್ಟದ್ದು. ಅಮೆರಿಕದ ಈಶಾನ್ಯ ಕರಾವಳಿಯಲ್ಲಿ, ಕೇಪ್ ಕಾಡ್‌ನಿಂದ ಮೊಂಟಾಕ್‌ವರೆಗೆ, ದಡದಿಂದ ಪಟ್ಟೆ ಬಾಸ್ ಹಿಡಿಯುವವರು ಇಂಟರ್‌ಮೀಡಿಯೆಟ್ ಲೈನಿಗೆ ಅಂಟಿಕೊಂಡಿರುವುದು ಇದೇ ಕಾರಣಕ್ಕೆ. ಅಲ್ಲಿ ನೀರು ಆಳವೇನೂ ಇಲ್ಲ. ಲೈನ್ ಅಲೆಯ ಕುಲುಕಾಟದಿಂದ ಒಂದಡಿ ಕೆಳಗೆ ಇಳಿದರೂ ಸಾಕು, ದಾರ ನೇರವಾಗಿ ನಿಲ್ಲುತ್ತದೆ. ಕಡಲಿಗೆ ಒಂದೇ ಲೈನ್ ಕೊಳ್ಳುವವರಿಗೆ ಹೇಳಬಹುದಾದ ಹೆಸರೂ ಇದೇ.

ಸ್ಯಾನ್ ಫ್ರಾನ್ಸಿಸ್ಕೊದ ಕೊಡುಗೆ

ವೇಗವಾಗಿ ಮುಳುಗುವ ಲೈನಿನ ಕತೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಗೆ ದೊಡ್ಡ ಪಾಲಿದೆ. ಪಟ್ಟೆ ಬಾಸ್ ಮೂಲತಃ ಆ ಕಡಲಿನ ಮೀನಲ್ಲ. 1879ರಲ್ಲಿ ನ್ಯೂಜೆರ್ಸಿಯ ನೇವ್‌ಸಿಂಕ್ ನದಿಯಿಂದ ನೂರಕ್ಕೂ ಹೆಚ್ಚು ಮರಿಗಳನ್ನು ರೈಲಿನಲ್ಲಿ ಖಂಡದ ಆಚೆ ತುದಿಗೆ ಸಾಗಿಸಿ, ಕಾರ್ಕೀನೆಸ್ ಜಲಸಂಧಿಯಲ್ಲಿ ಬಿಟ್ಟರು. ಕೆಲವೇ ವರ್ಷಗಳಲ್ಲಿ ಅವು ಕೊಲ್ಲಿಯನ್ನು ತುಂಬಿಕೊಂಡವು. ಆದರೆ ಕೊಲ್ಲಿಯ ಬಾಯಿಯಾದ ಗೋಲ್ಡನ್ ಗೇಟ್ ಮೂಲಕ ಉಬ್ಬರವಿಳಿತದ ನೀರು ನುಗ್ಗುವ ರಭಸಕ್ಕೆ ಸಾಮಾನ್ಯ ಲೈನ್ ತಳ ಮುಟ್ಟುತ್ತಿರಲಿಲ್ಲ.

ಊರಿನಲ್ಲಿ ಇದಕ್ಕೆ ಬೇಕಾದ ವಿದ್ಯೆ ಮೊದಲೇ ಇತ್ತು. 1933ರಲ್ಲಿ ಸ್ಥಾಪನೆಯಾದ ಗೋಲ್ಡನ್ ಗೇಟ್ ಆ್ಯಂಗ್ಲಿಂಗ್ ಆ್ಯಂಡ್ ಕ್ಯಾಸ್ಟಿಂಗ್ ಕ್ಲಬ್ಬಿನ ಸದಸ್ಯರು ಪಾರ್ಕಿನ ಕೊಳಗಳಲ್ಲಿ ದೂರ ಎಸೆಯುವ ಸ್ಪರ್ಧೆಗಳಿಗೆ ತಾಲೀಮು ನಡೆಸುತ್ತಿದ್ದರು. ಸುಮಾರು 30 ಅಡಿಯ ಭಾರದ ತುಂಡು ಮುಂದೆ, ಅದರ ಹಿಂದೆ ಸಪೂರ ನೈಲಾನ್ ದಾರ ಎಂಬ ಜೋಡಣೆ ಅಲ್ಲಿ ಚೆನ್ನಾಗಿ ಪಳಗಿತು. ಇದೇ ಶೂಟಿಂಗ್ ಹೆಡ್. ಭಾರದ ತುಂಡು ಹಾರುವಾಗ ಸಪೂರ ದಾರವನ್ನು ತನ್ನೊಂದಿಗೆ ಎಳೆದುಕೊಂಡು ಹೋಗುತ್ತದೆ. ಕೊಲ್ಲಿಯ ಗಾಳಗಾರರು ಈ ತುಂಡನ್ನು ದೋಣಿಯ ಹಿಂದೆ ಎಳೆಯುವ ಟ್ರೋಲಿಂಗ್ ಗಾಳದ ದಾರದಿಂದಲೇ ಮಾಡಿಕೊಂಡರು: ಹೆಣೆದ ನೈಲಾನ್ ಕೊಳವೆಯೊಳಗೆ ಸೀಸದ ತಂತಿ. ಕಾರ್ಟ್‌ಲ್ಯಾಂಡ್ ಕಂಪನಿಯ ಎಲ್‌ಸಿ-13 ಎಂಬ ಅಂಥ ದಾರ ಅಡಿಗೆ 13 ಗ್ರೇನ್ ತೂಗುತ್ತದೆ. ನೋಡಲು ಅಂದವಿಲ್ಲ, ಎಸೆಯಲು ಒರಟು, ಮಡಿಚಿದಲ್ಲೇ ಒಳಗಿನ ಸೀಸ ತುಂಡಾಗುತ್ತದೆ. ಆದರೂ ತಳ ಮುಟ್ಟಿತು. ಮುಂದೆ ಚಿತ್ರಕಾರನಾಗಿ ಹೆಸರು ಮಾಡಿದ ರಸೆಲ್ ಚಾಥಮ್ 1966ರಲ್ಲಿ ಈ ಕೊಲ್ಲಿಯಲ್ಲೇ ಫ್ಲೈ ಗಾಳದಿಂದ 36 ಪೌಂಡು 6 ಔನ್ಸಿನ, ಅಂದರೆ ಹದಿನಾರೂವರೆ ಕಿಲೋ ಬಾಸ್ ಹಿಡಿದು ದಾಖಲೆ ಮಾಡಿದ. ಅದೇ ದಶಕದಲ್ಲಿ ಡ್ಯಾನ್ ಬ್ಲ್ಯಾಂಟನ್ ಅಲ್ಲಿಯ ಕಲಕಿದ ನೀರಿಗೆಂದು ಮಣಿ ಸರಪಣಿಯ ಕಣ್ಣುಗಳಿರುವ ವಿಸ್ಲರ್ ಫ್ಲೈಯನ್ನು ರೂಪಿಸಿದ. ಟಿ-14ರಂಥ ಇಂದಿನ ಟಂಗ್‌ಸ್ಟನ್ ಲೈನ್‌ಗಳು ಆ ಸೀಸದ ದಾರದ ಸುಧಾರಿತ ವಾರಸುದಾರರು.

ರೀಲಿನಿಂದ ಫ್ಲೈವರೆಗೆ

ಜೋಡಣೆ ಸ್ಪೂಲಿನಿಂದ ಶುರುವಾಗುತ್ತದೆ. ಮೊದಲು ಬ್ಯಾಕಿಂಗ್, ಅಂದರೆ ಫ್ಲೈ ಲೈನಿನ ಹಿಂದೆ ಇರುವ ಸಪೂರ ದಾರ: 8–9ರ ರಾಡಿಗೆ 20 ಪೌಂಡ್ ಬಲದ ಡೇಕ್ರಾನ್, ಅದಕ್ಕಿಂತ ಮೇಲಿನದಕ್ಕೆ 30 ಪೌಂಡಿನದು, 150ರಿಂದ 200 ಮೀಟರ್. ಮುಳುಗುವ ಲೈನ್ ತೆಳ್ಳಗಿರುವುದರಿಂದ ಅದೇ ರೀಲಿನಲ್ಲಿ ತೇಲುವ ಲೈನಿಗಿಂತ ಹೆಚ್ಚು ಬ್ಯಾಕಿಂಗ್ ಹಿಡಿಸುತ್ತದೆ. ಜೆಲ್‌ಸ್ಪನ್ ದಾರ ಇನ್ನೂ ಸಪೂರ, ಇನ್ನೂ ಗಟ್ಟಿ. ಆದರೆ ಸಡಿಲವಾಗಿ ಸುತ್ತಿದರೆ ಮೀನು ಓಡುವಾಗ ಮೇಲಿನ ಸುತ್ತು ಕೆಳಗಿನ ಸುತ್ತುಗಳೊಳಗೆ ಹೂತುಹೋಗಿ ಕಚ್ಚಿಕೊಳ್ಳುತ್ತದೆ. ಓಡುವ ಜೆಲ್‌ಸ್ಪನ್ ಬೆರಳನ್ನೂ ಕೊಯ್ಯುತ್ತದೆ. ಯಾವುದೇ ದಾರವಾದರೂ ಒದ್ದೆ ಬಟ್ಟೆಯಲ್ಲಿ ಒತ್ತಿ ಹಿಡಿದು ಬಿಗಿಯಾಗಿಯೇ ಸುತ್ತಬೇಕು.

ಬ್ಯಾಕಿಂಗಿನ ತುದಿಯಲ್ಲಿ ಬಿಮಿನಿ ಟ್ವಿಸ್ಟ್ ಹಾಕಿ, ಇಡೀ ಸ್ಪೂಲ್ ತೂರುವಷ್ಟು ದೊಡ್ಡ ಕುಣಿಕೆ ಬಿಡುವುದು ರೂಢಿ. ದಾರವನ್ನು ಇಪ್ಪತ್ತು ಸುತ್ತು ಹೊಸೆದು ಮಾಡುವ ಈ ಗಂಟು ದಾರದ ಬಲವನ್ನು ಹೆಚ್ಚುಕಡಿಮೆ ಪೂರ್ತಿ ಉಳಿಸಿಕೊಡುತ್ತದೆ. ಕುಣಿಕೆ ದೊಡ್ಡದಿದ್ದರೆ ಗಂಟು ಬಿಚ್ಚದೆಯೇ ಒಂದು ಲೈನ್ ತೆಗೆದು ಇನ್ನೊಂದು ಹಾಕಬಹುದು.

ಕುಣಿಕೆಗೆ ಕುಣಿಕೆ ಸೇರಿಸುವುದು ಸುಲಭವೆಂದು ಅನ್ನಿಸುವುದರಿಂದಲೇ ಅಲ್ಲಿ ತಪ್ಪು ನುಸುಳುತ್ತದೆ. ಹೆಡ್ಡಿನ ಕುಣಿಕೆಯನ್ನು, ಅದರ ಹಿಂದಿನ ಸಪೂರ ದಾರವಾದ ರನ್ನಿಂಗ್ ಲೈನಿನ ಕುಣಿಕೆಯ ಮೇಲೆ ದಾಟಿಸಿ, ಹೆಡ್ಡಿನ ಇನ್ನೊಂದು ತುದಿಯನ್ನು ರನ್ನಿಂಗ್ ಲೈನಿನ ಕುಣಿಕೆಯೊಳಗಿಂದ ಪೂರ್ತಿ ಎಳೆದುಕೊಳ್ಳಬೇಕು. ಬಿಗಿದಾಗ ಎರಡೂ ಕುಣಿಕೆಗಳು ಎದುರುಬದುರಾಗಿ ಕೈಕುಲುಕಿದಂತೆ ಕೂರಬೇಕು. ಎಳೆಯುವಾಗ ಒಂದು ಕುಣಿಕೆ ಹಿಮ್ಮುಖವಾಗಿ ಮಗುಚಿಕೊಂಡರೆ ಅದು ಮತ್ತೊಂದರ ಕುತ್ತಿಗೆಗೆ ಉರುಳಾಗುತ್ತದೆ. ಮೇಲ್ನೋಟಕ್ಕೆ ಬಿಗಿಯಾಗಿಯೇ ಕಾಣುತ್ತದೆ. ದೊಡ್ಡ ಮೀನು ಜಗ್ಗಿದಾಗ ಕೊಯ್ದುಹಾಕುತ್ತದೆ.

ಇಡೀ ಲೈನ್ ಕೊಳ್ಳಬೇಕೋ, ಹೆಡ್ಡು ಬೇರೆ ರನ್ನಿಂಗ್ ಲೈನ್ ಬೇರೆ ಇಟ್ಟುಕೊಳ್ಳಬೇಕೋ ಎಂಬ ಚರ್ಚೆ ಹಳೆಯದು. ಒಂದೇ ತುಂಡಿನ, ಸುಮಾರು 100 ಅಡಿ ಉದ್ದದ ಲೈನಿನಲ್ಲಿ ಮುಂದಿನ 26–30 ಅಡಿ ಮಾತ್ರ ವೇಗವಾಗಿ ಮುಳುಗುತ್ತದೆ. ಹಿಂದಿನದು ಸಪೂರ ರನ್ನಿಂಗ್ ಲೈನ್. ನಡುವೆ ಗಂಟಿಲ್ಲದ್ದರಿಂದ ರಾಡಿನ ಬಳೆಗಳಲ್ಲಿ ಸಿಕ್ಕುವುದಿಲ್ಲ. ದಿನವಿಡೀ ಒಂದೇ ಆಳದಲ್ಲಿ ಹಿಡಿಯುವವರಿಗೆ ಇದೇ ಹಿತ. ಗಳಿಗೆಗೊಮ್ಮೆ ಪ್ರವಾಹ ಬದಲಾಗುವ ಜಾಗದಲ್ಲಿ ಮಾತ್ರ ಬಿಡಿ ಹೆಡ್ಡುಗಳಿಗೆ ಬೆಲೆ. ಬಿಡಿ ಟಿ-14 ಕೊಂಡು ತಾನೇ ಕತ್ತರಿಸಿಕೊಳ್ಳುವವನು ಮೊದಲು 30 ಅಡಿ ಇಟ್ಟು ಎಸೆದು ನೋಡಿ, ರಾಡು ಒಗ್ಗುವವರೆಗೆ ಒಂದೊಂದೇ ಅಡಿ ಕಡಿಯುತ್ತಾನೆ. 26 ಅಡಿಯ ತುಂಡು 364 ಗ್ರೇನ್ ತೂಗುತ್ತದೆ. 10ರ ರಾಡಿಗೆ ಸರಿಹೋಗುವ ತೂಕ ಅದು.

ಹಿಂದಿನ ರನ್ನಿಂಗ್ ಲೈನ್ ತೇಲಬೇಕೋ ಮುಳುಗಬೇಕೋ? ತೇಲುವುದು ದೋಣಿಯಿಂದ ನಿಭಾಯಿಸಲು ಸುಲಭ. ಆದರೆ ಮುಂದಿನ ಭಾಗ ಮೂರು ಮೀಟರ್ ಕೆಳಗಿದ್ದು ಹಿಂದಿನದು ನೀರಿನ ಮೇಲೆ ಗಾಳಿಗೆ ಬಾಗಿದ್ದರೆ ಅದೇ ಹಳೆಯ ಕಮಾನು ಮತ್ತೆ ಬಂತು. ಇಂಟರ್‌ಮೀಡಿಯೆಟ್ ರನ್ನಿಂಗ್ ಲೈನೇ ಮೇಲು. ನೀರಿನಲ್ಲಿ ನಿಂತು ಎಸೆಯುವವನ ಕಾಲಬುಡದಲ್ಲಿ ಅದು ಮುಳುಗಿ ಕುಳಿತುಕೊಳ್ಳುವುದೊಂದು ಕಿರಿಕಿರಿ. ಅದಕ್ಕೇ ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು ಎಳೆದ ದಾರವನ್ನು ಅದರೊಳಗೆ ಬಿಡುತ್ತಾರೆ.

ಲೀಡರ್ ವಿಷಯದಲ್ಲಿ ತೇಲುವ ಲೈನಿನ ಅಭ್ಯಾಸವನ್ನು ಮರೆಯಬೇಕು. ಅಲ್ಲಿ 9 ಅಡಿ ಅಥವಾ ಹೆಚ್ಚು. ಇಲ್ಲಿ 3ರಿಂದ 5 ಅಡಿ. ಲೈನ್ ಕೆಳಗಿಳಿದರೂ ಉದ್ದದ ಲೀಡರ್ ಹಗುರವಾಗಿ ಮೇಲೇ ಉಳಿದು ಫ್ಲೈಯನ್ನು ಎತ್ತಿ ಹಿಡಿಯುತ್ತದೆ. ನೈಲಾನಿನ ಸಾಂದ್ರತೆ 1.14, ಕಡಲ ನೀರಿನದು 1.025, ವ್ಯತ್ಯಾಸ ಅತ್ಯಲ್ಪ. ಫ್ಲೂರೊಕಾರ್ಬನ್ 1.78 ಇರುವುದರಿಂದ ಸ್ವಲ್ಪ ವಾಸಿ, ಬಂಡೆಗೆ ಉಜ್ಜಿದರೂ ತಾಳುತ್ತದೆ. ಆಳದ ಮಬ್ಬಿನಲ್ಲಿ ಮೀನು ಲೈನ್ ಕಂಡು ಬೆದರುವುದು ಅಪರೂಪ, ಹಾಗಾಗಿ ಲೀಡರ್ ಗಿಡ್ಡವಾದರೆ ನಷ್ಟವಿಲ್ಲ. 20 ಪೌಂಡಿನ ಒಂದೇ ತುಂಡು ಬಹಳಷ್ಟು ಕಡೆ ಸಾಕು. ಬ್ಲೂಫಿಶ್‌ನಂಥ ಹಲ್ಲಿನ ಮೀನಿದ್ದರೆ ಮುಂದೆ ದಪ್ಪ ನೈಲಾನ್ ಅಥವಾ ತಂತಿಯ ತುಣುಕು ಬೇಕು. ದಾಖಲೆಯ ಆಸೆಯಿದ್ದವರು ಅಂತರರಾಷ್ಟ್ರೀಯ ಗಾಳಮೀನು ಸಂಘದ (ಸ್ಥಾಪನೆ 1939) ನಿಯಮ ಪಾಲಿಸಬೇಕು: ಆ ತುಣುಕು ಗಂಟೂ ಸೇರಿ 12 ಇಂಚು ಮೀರಬಾರದು, ಅದರ ಹಿಂದಿನ ಅಳತೆಯ ಟಿಪ್ಪೆಟ್ (ಲೀಡರಿನ ಅತಿ ಸಪೂರ ಭಾಗ) 15 ಇಂಚಿಗೆ ಕಡಿಮೆಯಿರಬಾರದು.

ಫ್ಲೈಯನ್ನು ಕುಣಿಕೆ ಗಂಟಿನಿಂದ ಕಟ್ಟಿದರೆ ಸಲೀಸಾಗಿ ತಲೆಯಾಡಿಸುತ್ತದೆ. ಬಾಬ್ ಕ್ಲೌಸರ್ 1980ರ ದಶಕದಲ್ಲಿ ಪೆನ್ಸಿಲ್ವೇನಿಯಾದ ಸಿಹಿನೀರಿನ ಬಾಸ್‌ಗಾಗಿ ರೂಪಿಸಿದ, ಭಾರದ ಗುಂಡುಕಣ್ಣಿನ ಕ್ಲೌಸರ್ ಮಿನೋ ಈಗ ಎಲ್ಲ ಕಡಲುಗಳಲ್ಲೂ ಇದೆ. ವೇಗದ ಲೈನಿನ ಜೊತೆ ಮಾತ್ರ ಹಗುರ ಫ್ಲೈ ಹೆಚ್ಚು ಸೊಗಸು. ಲೆಫ್ಟಿ ಕ್ರೆ (1925–2018) ಚೆಸಪೀಕ್ ಕೊಲ್ಲಿಗೆಂದು ಕಟ್ಟಿದ, 1991ರಲ್ಲಿ ಅಮೆರಿಕದ ಅಂಚೆಚೀಟಿಯ ಮೇಲೂ ಬಂದ ಡಿಸೀವರ್ ಅಂಥದ್ದು. ಇಳಿಸುವ ಕೆಲಸ ಲೈನಿಗೆ ಬಿಟ್ಟು ಫ್ಲೈ ತೂಗಾಡುತ್ತಾ ಈಜುತ್ತದೆ.

ಎಸೆತ, ಎಣಿಕೆ, ಎಳೆತ

ಮುಳುಗಿರುವ ಲೈನನ್ನು ನೇರ ಕಿತ್ತೆಸೆಯಲು ಹೋದರೆ ರಾಡು ಮುರಿದೀತು. ಮೊದಲು ಹೆಡ್ಡು ರಾಡಿನ ತುದಿಯ ಹತ್ತಿರ ಬರುವವರೆಗೆ ಎಳೆದುಕೊಂಡು, ಒಂದು ರೋಲ್ ಕಾಸ್ಟ್‌ನಿಂದ ಅದನ್ನು ನೀರಿನ ಮೇಲಕ್ಕೆ ಉರುಳಿಸಿ, ಅದು ಮತ್ತೆ ಮುಳುಗುವ ಮುನ್ನ ಹಿಂದಕ್ಕೆ ಬೀಸಬೇಕು. ಹಿಂದಿನ ಬೀಸು ಪಕ್ಕದಿಂದ, ಮುಂದಿನದು ತಲೆಯ ಮೇಲಿಂದ: ಹೀಗೆ ಅಂಡಾಕಾರದಲ್ಲಿ ಬೀಸಿದರೆ ಭಾರದ ಲೈನ್ ಝಾಡಿಸದೆ ಸುತ್ತಿ ಬರುತ್ತದೆ. ಕನ್ನಡಕ ಹಾಕಿಕೊಳ್ಳದೆ ಇದನ್ನು ಮಾಡುವುದು ಮೂರ್ಖತನ.

ಬಿದ್ದ ಮೇಲೆ ಎಣಿಸಬೇಕು. ಟೈಪ್ 6 ಲೈನ್ ಸೆಕೆಂಡಿಗೆ 15 ಸೆಂಟಿಮೀಟರಿನಂತೆ 20 ಎಣಿಸುವಷ್ಟರಲ್ಲಿ ಮೂರು ಮೀಟರ್ ಇಳಿಯುತ್ತದೆ. ಫ್ಲೈ ತಳಕ್ಕೆ ತಗುಲಿದರೆ ಮುಂದಿನ ಸಲ ಎರಡು ಕಡಿಮೆ ಎಣಿಸುವುದು. ಮೀನು ಸಿಕ್ಕರೆ ಅದೇ ಎಣಿಕೆ ಹಿಡಿಯುವುದು. ನಿಂತ ನೀರಿನಲ್ಲಿ ಲೆಕ್ಕ ಇಷ್ಟು ಸರಳ. ಅಳಿವೆಯಲ್ಲಿ ಒಂದು ನಾಟ್ ವೇಗದ ಸಾಧಾರಣ ಇಳಿತವಿದ್ದರೂ ನೀರು ಸೆಕೆಂಡಿಗೆ ಅರ್ಧ ಮೀಟರ್ ಸರಿಯುತ್ತದೆ. ಅದೇ 20 ಸೆಕೆಂಡಿನಲ್ಲಿ ಲೈನ್ ಮೂರು ಮೀಟರ್ ಇಳಿಯುವಾಗ ಹತ್ತು ಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ಅದಕ್ಕೇ ಮೀನಿರುವ ಜಾಗಕ್ಕಿಂತ ಅಷ್ಟು ಮೇಲ್ಗಡೆ, ಪ್ರವಾಹಕ್ಕೆ ಎದುರಾಗಿ ಎಸೆಯಬೇಕು. ಲೈನ್ ಇಳಿಯುತ್ತಾ ತೇಲಿ ಬರುವಾಗ ಸಡಿಲವನ್ನು ಕೈಯಲ್ಲಿ ತೆಗೆದುಕೊಳ್ಳುತ್ತಿರಬೇಕು. ಕೆಳಮುಖವಾಗಿ ಎಸೆದು ಬಿಗಿ ಹಿಡಿದರೆ ಪ್ರವಾಹವೇ ಅದನ್ನು ಮೇಲೆತ್ತುತ್ತದೆ, ಟಿ-14 ಇದ್ದರೂ ಅಷ್ಟೆ.

ಎಳೆಯುವಾಗ ರಾಡಿನ ತುದಿ ನೀರನ್ನು ಮುಟ್ಟಿರಲಿ, ಇಲ್ಲವೇ ಒಳಗೇ ಇರಲಿ. ತುದಿ ಒಂದಡಿ ಮೇಲಿದ್ದರೆ ಅಲ್ಲಿಂದ ನೀರಿನವರೆಗೆ ಜೋತ ದಾರವೂ ಕಮಾನೇ. ಮೀನು ಕಚ್ಚಿದಾಗ ರಾಡು ಎತ್ತಿದರೆ ಬಾಗುವ ರಾಡು ಪೆಟ್ಟನ್ನು ತಾನೇ ನುಂಗಿಬಿಡುತ್ತದೆ. ರಾಡು ಇದ್ದಂತೆಯೇ ಇಟ್ಟು ದಾರವನ್ನು ಕೈಯಿಂದ ಉದ್ದಕ್ಕೆ ಜಗ್ಗಬೇಕು, ಕೊಕ್ಕೆ ನೆಟ್ಟ ಮೇಲೆ ಎತ್ತಬಹುದು. ಸಿಹಿನೀರಿನ ಟ್ರೌಟ್ ಹಿಡಿದು ಪಳಗಿದವರಿಗೆ ರಾಡು ಎತ್ತುವ ಚಟ ಬಿಡಿಸಿಕೊಳ್ಳುವುದು ತ್ರಾಸದಾಯಕ. ಓಡುವ ಮೀನು ಮುಳುಗಿದ ಲೈನನ್ನು ನೀರಿನೊಳಗೆ ಅಡ್ಡಡ್ಡ ಎಳೆಯುವುದರಿಂದ ಟಿಪ್ಪೆಟ್ ಮೇಲೆ ಹೆಚ್ಚುವರಿ ಒತ್ತಡ ಬೀಳುತ್ತದೆ. ರೀಲಿನ ಬ್ರೇಕನ್ನು ಟಿಪ್ಪೆಟ್ ಬಲದ ಕಾಲು ಭಾಗಕ್ಕಿಂತ ಕಡಿಮೆಯೇ ಇಡುವುದು ಅದಕ್ಕಾಗಿ.

ಲೈನಿನ ತಿರುಳು ಯಾವ ನೀರಿಗೆ ಹೇಳಿಮಾಡಿಸಿದ್ದು ಎಂಬುದನ್ನೂ ನೋಡಬೇಕು. ಕೇಪ್ ಕಾಡ್‌ನ ತಣ್ಣೀರಿಗೆ ಮಾಡಿದ ಮೆತ್ತನೆಯ ಲೈನ್ ಬಿಸಿಲ ಸೀಮೆಯಲ್ಲಿ ಜೋತು ಅಂಟಂಟಾಗುತ್ತದೆ. ಬಿಸಿ ಕಡಲಿಗೆ ಮಾಡಿದ ಗಟ್ಟಿ ತಿರುಳಿನ ಲೈನ್ ಚಳಿಯಲ್ಲಿ ಸ್ಪ್ರಿಂಗಿನಂತೆ ಸುರುಳಿಗಟ್ಟುತ್ತದೆ. ಅಂಡಮಾನಿನಲ್ಲಾಗಲಿ ಕರ್ನಾಟಕದ ಕರಾವಳಿಯಲ್ಲಾಗಲಿ ಪ್ರಯೋಗ ಮಾಡುವವರಿಗೆ ಎರಡನೆಯದೇ ಬೇಕು. ಯಾವುದಾದರೂ ಸರಿ, ಮೊದಲ ಎಸೆತಕ್ಕೆ ಮುನ್ನ ಇಬ್ಬರು ಎರಡು ತುದಿ ಹಿಡಿದು ಚೆನ್ನಾಗಿ ಜಗ್ಗಿದರೆ ರೀಲಿನ ಸುರುಳಿಯ ನೆನಪು ಹೋಗುತ್ತದೆ. ಸಂಜೆ ಸಿಹಿನೀರಿನಲ್ಲಿ ತೊಳೆಯುವುದು ಲೈನಿಗಿಂತ ಹೆಚ್ಚಾಗಿ ರೀಲಿನ ಆಯಸ್ಸಿಗಾಗಿ. ಲೈನಿನ ನಿಜವಾದ ಶತ್ರು ಸೊಳ್ಳೆ ಓಡಿಸುವ ಮುಲಾಮು. ಅದರಲ್ಲಿರುವ ಡೀಟ್ ಪಿವಿಸಿ ಲೇಪನವನ್ನು ತಿನ್ನುತ್ತದೆ, ಕೈ ತೊಳೆಯದೆ ಲೈನ್ ಮುಟ್ಟಬಾರದು. ನಾಲ್ಕಾರು ಹೆಡ್ಡು ಇಟ್ಟುಕೊಂಡವರು ಪ್ರತಿಯೊಂದರ ಹಿಂತುದಿಯಲ್ಲಿ ಅಳಿಸದ ಶಾಯಿಯಿಂದ ಪಟ್ಟೆ ಬರೆದುಕೊಳ್ಳುತ್ತಾರೆ: ಅಗಲ ಪಟ್ಟೆಗೆ ಐದು, ಸಪೂರ ಪಟ್ಟೆಗೆ ಒಂದು. ಒಂದು ಅಗಲ, ಮೂರು ಸಪೂರ ಇದ್ದರೆ 8ನೇ ಸಂಖ್ಯೆ. ಎರಡು ಅಗಲ ಇದ್ದರೆ 10.